ಒಂದು ಮಾತಿಗೆ ಮಗಳು ಕ್ಲಾಸಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದಾಳೆ. ಇದು ಮುಂದಕ್ಕೂ ಉಳಿಯುತ್ತಾ?

ಆರನೇ ಕ್ಲಾಸಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮಗಳು ಆರನೇ ಕ್ಲಾಸ್. ಮೂರು ತಿಂಗಳ ಹಿಂದಿನವರೆಗೂ ಸ್ಕೂಲಿಂದ ಬಂದು ಬ್ಯಾಗ್ ಇಳಿಸುವ ಮೊದಲೇ ಅವಳ ಮಾತು ಶುರುವಾಗುತ್ತಿತ್ತು. ಈಗ ಏನೇ ಕೇಳಿದರೂ "ಏನೂ ಇಲ್ಲಮ್ಮ" ಅಂತಾಳೆ, ಅಷ್ಟೇ. ಹೋದ ವಾರ ಅವಳ ಗಣಿತದ ನೋಟ್‌ಬುಕ್ ತೆಗೆದು ನೋಡಿದೆ. ಒಂದೇ ಲೆಕ್ಕವನ್ನು ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕೊನೆಗೆ ಆ ಜಾಗದಲ್ಲಿ ಹಾಳೆ ತೂತು ಬಿದ್ದಿತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ತುಂಬ ಸಣ್ಣ ಅಕ್ಷರದಲ್ಲಿ "ನಾನು ದಡ್ಡಿ" ಅಂತ ಬರೆದುಕೊಂಡಿದ್ದಾಳೆ.

ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ನಿಧಾನಕ್ಕೆ ಕೇಳಿದೆ. ಬೋರ್ಡಿನ ಮೇಲೆ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಲು ಹೇಳಿದ್ದರಂತೆ. ಇವಳು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ 2/5 ಅಂತ ಬರೆದಿದ್ದಾಳೆ. ಟೀಚರ್ "ನಿನ್ನ ತಲೆಗೆ ಗಣಿತ ಹತ್ತಲ್ಲ, ಹೋಗಿ ಕೂತ್ಕೋ" ಅಂದರಂತೆ. ಇಡೀ ಕ್ಲಾಸ್ ನಕ್ಕಿತಂತೆ. ಅವತ್ತಿನಿಂದ ಕೈ ಎತ್ತಿಲ್ಲ. ಗೊತ್ತಿರುವ ಉತ್ತರಕ್ಕೂ ಎತ್ತಲ್ಲ, ಬೇರೆ ವಿಷಯದಲ್ಲೂ ಎತ್ತಲ್ಲ.

ಮನೆಯಲ್ಲಿ ಎಲ್ಲರೂ "ಮಕ್ಕಳು ಮರೀತಾರೆ ಬಿಡು" ಅಂತಿದ್ದಾರೆ. ನನಗೆ ಹಾಗೆ ಅನಿಸುತ್ತಿಲ್ಲ. ಸ್ಕೂಲಲ್ಲಿ ಆಗುವ ಇಂಥ ಒಂದೆರಡು ಘಟನೆ ನಿಜವಾಗಿಯೂ ಮುಂದಿನ ಬದುಕನ್ನು ಬದಲಿಸುತ್ತಾ? ಅಥವಾ ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ? ನಿಮಗೆ ಆಗಿದ್ದರೆ ಹೇಳಿ.

ಕೊನೆಬೆಂಚು

ಅಕ್ಕಾ, ನೀವು ಜಾಸ್ತಿ ಯೋಚನೆ ಮಾಡುತ್ತಿಲ್ಲ. ಎಂಟನೇ ಕ್ಲಾಸಲ್ಲಿ ನನಗೂ ಇಂಥದ್ದೇ ಮಾತು ಬಿದ್ದಿತ್ತು. ನನಗೀಗ 38. ಅವತ್ತು ಬೋರ್ಡಿನ ಮೇಲಿದ್ದ ಲೆಕ್ಕ ಯಾವುದು ಅಂತ ಈಗಲೂ ಬರೆದು ತೋರಿಸುತ್ತೇನೆ.

ನಿಮ್ಮ ಮನೆಯವರು ಹೇಳಿದ್ದರಲ್ಲಿ ಅರ್ಧ ನಿಜ. ನೋವು ಮರೆತುಹೋಗುತ್ತೆ, ನನಗೂ ಒಂದು ವರ್ಷಕ್ಕೆಲ್ಲ ಹೋಗಿತ್ತು. ಆದರೆ ಆಮೇಲೆ ನಾನು ಮಾಡಿದ ಆಯ್ಕೆಗಳಿವೆಯಲ್ಲ, ಅವು ಉಳಿದವು. ಹತ್ತನೇ ಕ್ಲಾಸ್ ಮುಗಿದ ಮೇಲೆ ಗಣಿತ ಇಲ್ಲದ ಕೋರ್ಸ್ ಯಾವುದು ಅಂತ ಹುಡುಕಿದೆನೇ ಹೊರತು ನನಗೆ ಏನಿಷ್ಟ ಅಂತ ಒಂದು ದಿನವೂ ಯೋಚಿಸಲಿಲ್ಲ. ಮನೆಯಲ್ಲಿ ಕೆಟ್ಟುಹೋದ ಫ್ಯಾನ್, ರೇಡಿಯೊ, ಹೊಲಿಗೆ ಮಷೀನ್ ಏನಿದ್ದರೂ ಬಿಚ್ಚಿ ಜೋಡಿಸುತ್ತಿದ್ದ ಹುಡುಗ ನಾನು, ಮಷೀನುಗಳ ಕಡೆಗೆ ಹೋಗಲೇ ಇಲ್ಲ, ಯಾಕಂದರೆ ಅಲ್ಲಿ ಗಣಿತ ಇರುತ್ತೆ. ಕೆಲಸಕ್ಕೆ ಸೇರಿದ ಮೇಲೆ ಪ್ರಮೋಷನ್ ಬಂತು, ಬಜೆಟ್ ನೋಡಿಕೊಳ್ಳಬೇಕು ಅಂದರು, ಬೇಡ ಅಂದೆ. ಯಾರೂ ನನ್ನನ್ನು ತಡೆಯಲಿಲ್ಲ ನೋಡಿ. ಬಾಗಿಲ ಹತ್ತಿರ ಹೋಗದೆ ನಾನೇ ವಾಪಸ್ ಬರುತ್ತಿದ್ದೆ.

31ನೇ ವಯಸ್ಸಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು ಪಕ್ಕದಲ್ಲಿ ಕೂತು ಶೇಕಡಾ ಲೆಕ್ಕ, ಎಕ್ಸೆಲ್ ಹಾಳೆ ಎಲ್ಲ ಹೇಳಿಕೊಟ್ಟರು. ನಾಲ್ಕು ಸಂಜೆ ಹಿಡಿಯಿತು, ಅಷ್ಟೇ. ಹದಿನೇಳು ವರ್ಷ ಹೆದರಿಕೊಂಡು ಓಡಾಡಿದ್ದು ನಾಲ್ಕು ಸಂಜೆಯ ವಿಷಯಕ್ಕೆ. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಖುಷಿಗಲ್ಲ, ಸಿಟ್ಟಿಗೆ.

ನಿಮ್ಮ ಮಗಳಿಗೆ ಇನ್ನೂ ಮೂರು ತಿಂಗಳಾಗಿದೆ ಅಷ್ಟೇ. ಈಗಲೇ ಹಿಡಿದುಕೊಳ್ಳಿ.

ಸೀಮೆಸುಣ್ಣ

ನಾನು ಗಣಿತದ ಮೇಷ್ಟ್ರು, 22 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಶುರುವಿನ ವರ್ಷಗಳಲ್ಲಿ ನಾನೂ ಇಂಥ ಮಾತು ಆಡಿದ್ದೇನೆ. ಸಿಲಬಸ್ ಮುಗಿಸುವ ಗಡಿಬಿಡಿಯಲ್ಲಿ ಬಾಯಿಂದ ಬಂದುಬಿಡುತ್ತೆ, ಮುಂದಿನ ಪಿರಿಯಡ್ ಹೊತ್ತಿಗೆ ನಮಗೆ ನೆನಪೇ ಇರಲ್ಲ. ಮಗುವಿಗೆ ಇರುತ್ತೆ.

1968ರಲ್ಲಿ ರೋಸೆಂತಾಲ್ ಮತ್ತು ಜೇಕಬ್ಸನ್ ಅನ್ನುವ ಇಬ್ಬರು ಅಮೆರಿಕದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಡಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎಲ್ಲ ಮಕ್ಕಳಿಗೂ ಒಂದು ಪರೀಕ್ಷೆ ಕೊಟ್ಟು, ಐವರಲ್ಲಿ ಒಬ್ಬರಂತೆ ಕೆಲವರ ಹೆಸರು ಆರಿಸಿ, "ಈ ವರ್ಷ ಇವರು ಚೆನ್ನಾಗಿ ಮೇಲೆ ಬರುತ್ತಾರೆ" ಅಂತ ಟೀಚರುಗಳಿಗೆ ಹೇಳಿದರು. ನಿಜವಾಗಿ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ವರ್ಷದ ಕೊನೆಗೆ ಒಂದು, ಎರಡನೇ ಕ್ಲಾಸಿನಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿದ್ದರು. ದೊಡ್ಡ ಕ್ಲಾಸುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಇದರ ಮೇಲೆ ಬಹಳ ವಾದ ನಡೆಯಿತು, ಪರಿಣಾಮ ಅಷ್ಟು ದೊಡ್ಡದಲ್ಲ ಅಂತ ನಂತರದವರು ತೋರಿಸಿದ್ದಾರೆ. ಆದರೂ ಇದು ಹೇಗೆ ನಡೆಯುತ್ತೆ ಅನ್ನುವುದನ್ನು ನಾನು ನನ್ನ ಕ್ಲಾಸಲ್ಲೇ ನೋಡಿದ್ದೇನೆ. ಪ್ರಶ್ನೆ ಕೇಳಿ ಯಾರ ಕಡೆ ನೋಡುತ್ತೇವೆ, ಎಷ್ಟು ಹೊತ್ತು ಕಾಯುತ್ತೇವೆ, ಅದರಲ್ಲೇ ಎಲ್ಲ ಇದೆ. ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸರಾಸರಿ ಒಂದೇ ಸೆಕೆಂಡ್ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡ್ ಮಾಡಿದರೆ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಟ್ಟರು. ನಾನು ಇದನ್ನು ಓದಿದ ಮೇಲೆ ಮನಸ್ಸಲ್ಲೇ ಎಣಿಸಲು ಶುರು ಮಾಡಿದೆ. ಜಾಣ ಅಂತ ನಾನು ಅಂದುಕೊಂಡವನಿಗೆ ತಾನಾಗಿಯೇ ಕಾಯುತ್ತಿದ್ದೆ. ಉಳಿದವರಿಗೆ ಕಾಯುತ್ತಿರಲಿಲ್ಲ.

ಈಗ ಮಗಳ ಲೆಕ್ಕದ ವಿಷಯ. 2/5 ಅಂತ ಬರೆಯುವುದು ದಡ್ಡತನ ಅಲ್ಲವೇ ಅಲ್ಲ. ನಾನು ಪ್ರತಿ ವರ್ಷ ನೋಡುವ ತಪ್ಪು ಅದು, ಪೂರ್ಣಸಂಖ್ಯೆ ಚೆನ್ನಾಗಿ ಕಲಿತ ಮಕ್ಕಳೂ ಮಾಡುತ್ತಾರೆ, ಯಾಕಂದರೆ ಅಲ್ಲಿಯ ನಿಯಮವನ್ನೇ ಇಲ್ಲಿಗೆ ತರುತ್ತಾರೆ. ಉತ್ತರ ಹೇಳಿಕೊಡಬೇಡಿ. ಒಂದು ಉದ್ದನೆಯ ಕಾಗದದ ಪಟ್ಟಿ ಕೊಡಿ. ಅರ್ಧಕ್ಕೆ ಮಡಿಸಿ ಗುರುತು ಹಾಕಲಿ. ಆಮೇಲೆ 2/5 ಅರ್ಧಕ್ಕಿಂತ ದೊಡ್ಡದಾ ಚಿಕ್ಕದಾ ಅಂತ ಕೇಳಿ, ಸುಮ್ಮನಿದ್ದುಬಿಡಿ. ಅರ್ಧಕ್ಕೆ ಇನ್ನೂ ಸ್ವಲ್ಪ ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಬಂತಲ್ಲ ಅಂತ ಅವಳೇ ಹಿಡಿಯಬೇಕು. ಆಮೇಲೆ ಅದೇ ಪಟ್ಟಿಯನ್ನು ಆರು ಭಾಗ ಮಾಡಿದರೆ ಅರ್ಧ ಅಂದರೆ ಮೂರು, ಮೂರನೇ ಒಂದು ಅಂದರೆ ಎರಡು, ಕಣ್ಣಿಗೇ ಕಾಣುತ್ತೆ.

ಇನ್ನೊಂದು ಪ್ರಶ್ನೆ. ಮಗಳು ಕ್ಲಾಸಲ್ಲಿ ವಯಸ್ಸಿನಲ್ಲಿ ಚಿಕ್ಕವಳಾ? ಒಂದೇ ಕ್ಲಾಸಲ್ಲಿ ಹನ್ನೊಂದು ತಿಂಗಳ ಅಂತರ ಇರುವ ಮಕ್ಕಳು ಇರುತ್ತಾರೆ. ಚಿಕ್ಕವರನ್ನು ಹಿಂದುಳಿದವರು ಅಂತ ಅಳೆದುಬಿಡುವುದು ಬಹಳ ಕಡೆ ಆಗುತ್ತೆ.

ನೇರಮಾತು

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಆದರೆ ನಾವೆಲ್ಲ ಬೈಸಿಕೊಂಡೇ ಬೆಳೆದದ್ದು ಅಲ್ವಾ? ಏಟು ಕೂಡ ತಿಂದಿದ್ದೇವೆ. ಮುಂದೆ ಕೆಲಸಕ್ಕೆ ಹೋದರೆ ಬಾಸ್ ಇದಕ್ಕಿಂತ ಜಾಸ್ತಿ ಅಂತಾರೆ. ಮಗುವನ್ನು ಸ್ವಲ್ಪ ಗಟ್ಟಿ ಮಾಡಿ. ಟೀಚರ್ ಹತ್ತಿರ ಜಗಳಕ್ಕೆ ಹೋದರೆ ಅದರ ಕಷ್ಟ ಮತ್ತೆ ಮಗುವಿಗೇ ಬರುತ್ತೆ, ಅದನ್ನೂ ಯೋಚಿಸಿ.

ಮೌನಿ

ನೇರಮಾತು ಅವರೇ, ಜಗಳ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ. ಬಾಸ್ ಬೈದರೆ ನಾವು ದೊಡ್ಡವರು, ಬೇರೆ ಕೆಲಸ ಹುಡುಕಬಹುದು, ಮನೆಗೆ ಬಂದು ಹೆಂಡತಿ ಹತ್ತಿರವೋ ಗಂಡನ ಹತ್ತಿರವೋ ಬೈದುಕೊಳ್ಳಬಹುದು. ಹನ್ನೊಂದು ವರ್ಷದ ಮಗುವಿಗೆ ನಾಳೆ ಬೆಳಿಗ್ಗೆ ಅದೇ ರೂಮಿಗೆ, ಅದೇ ಬೆಂಚಿಗೆ ಹೋಗಲೇಬೇಕು.

ಅಕ್ಕ, ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಟೀಚರ್ ಮಾತಿನ ಮೇಲಲ್ಲ. ಇಡೀ ಕ್ಲಾಸ್ ನಕ್ಕಿತು ಅಂದಿರಲ್ಲ, ಅದರ ಮೇಲೆ. ಟೀಚರ್ ಮುಂದಿನ ವರ್ಷ ಬದಲಾಗುತ್ತಾರೆ. ನಕ್ಕವರು ಜೊತೆಯಲ್ಲೇ ಬರುತ್ತಾರೆ. ನನಗೆ ಐದನೇ ಕ್ಲಾಸಲ್ಲಿ ಬಿದ್ದ ಅಡ್ಡಹೆಸರು ಹತ್ತನೇ ಕ್ಲಾಸಿನವರೆಗೂ ಬಂತು. ಬ್ರೇಕ್ ಟೈಮಲ್ಲಿ ನಾನು ನೀರಿನ ನಲ್ಲಿ ಹತ್ತಿರ ನಿಂತು ಬಾಟಲ್ ತುಂಬಿಸುವುದು, ಚೆಲ್ಲುವುದು, ಮತ್ತೆ ತುಂಬಿಸುವುದು. ಒಬ್ಬಳೇ ನಿಂತಿದ್ದೇನೆ ಅಂತ ಯಾರಿಗೂ ಗೊತ್ತಾಗಬಾರದು, ಅದಕ್ಕೆ. ದೊಡ್ಡವರಿಗೆ ಹೇಳಿದರೆ "ತಲೆಗೆ ಹಾಕ್ಕೋಬೇಡ" ಅಂತಿದ್ದರು. ಈಗಲೂ ಮೀಟಿಂಗಲ್ಲಿ ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಅಂತ ಒಂದು ಕ್ಷಣ ಅನಿಸಿಬಿಡುತ್ತೆ.

ಇದು ನನ್ನೊಬ್ಬಳ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ 1958ರಲ್ಲಿ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ಬಹಳ ವರ್ಷ ಗಮನಿಸುತ್ತಾ ಬಂದರು. ಏಳು ಮತ್ತು ಹನ್ನೊಂದನೇ ವಯಸ್ಸಲ್ಲಿ ಬೇರೆ ಮಕ್ಕಳು ಇವರಿಗೆ ಕಾಟ ಕೊಡುತ್ತಾರಾ ಅಂತ ತಂದೆ ತಾಯಿಯನ್ನು ಕೇಳಿದ್ದರು. 7,000ಕ್ಕೂ ಹೆಚ್ಚು ಜನರ ವಿವರ ಇಟ್ಟುಕೊಂಡು 2014ರಲ್ಲಿ ಫಲಿತಾಂಶ ಬಂತು. ಪದೇ ಪದೇ ಕಾಟ ತಿಂದವರಲ್ಲಿ 45ನೇ ವಯಸ್ಸಿನಲ್ಲೂ ಖಿನ್ನತೆ, ಆತಂಕ ಜಾಸ್ತಿ ಇತ್ತು, 50ನೇ ವಯಸ್ಸಿನಲ್ಲಿ ಸ್ನೇಹ ಸಂಬಂಧ ಕಮ್ಮಿ ಇತ್ತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮರೀತಾರೆ ಬಿಡು ಅಂತ ಸುಮ್ಮನಾಗುವ ವಿಷಯ ಇದಲ್ಲ ಅಂತ ಹೇಳುತ್ತಿದ್ದೇನೆ.

ಸ್ಕೂಲ್ ಹೇಗಿತ್ತು ಅಂತ ಕೇಳಬೇಡಿ. ಬ್ರೇಕಲ್ಲಿ ಯಾರ ಜೊತೆ ಇದ್ದೆ ಅಂತ ಕೇಳಿ.

ಮೊದಲ ಸಾಲು

ನಾನು ಇದರ ಇನ್ನೊಂದು ತುದಿಯಿಂದ ಬರೆಯುತ್ತಿದ್ದೇನೆ. ಹತ್ತು ವರ್ಷ ಕ್ಲಾಸಿಗೇ ಫಸ್ಟ್. "ಅವಳಿಗೆ ಓದುವುದೇ ಬೇಡ, ಹುಟ್ಟಾ ಬುದ್ಧಿವಂತೆ" ಅಂತ ಟೀಚರುಗಳು ಎಲ್ಲರ ಮುಂದೆ ಹೇಳುತ್ತಿದ್ದರು. ಕೇಳಲು ಖುಷಿಯಾಗುತ್ತಿತ್ತು. ಕಾಲೇಜಿನ ಮೊದಲ ಸೆಮಿಸ್ಟರಲ್ಲಿ ಒಂದು ವಿಷಯ ಅರ್ಥವಾಗಲಿಲ್ಲ. ಯಾರನ್ನಾದರೂ ಕೇಳಿದರೆ ನಾನು ಬುದ್ಧಿವಂತೆ ಅಲ್ಲ ಅಂತ ಗೊತ್ತಾಗಿಬಿಡುತ್ತೆ ಅಲ್ವಾ? ಕೇಳಲಿಲ್ಲ. ಫೇಲಾದೆ. ಎರಡು ವರ್ಷ ಮನೆಯಲ್ಲಿ ಸುಳ್ಳು ಹೇಳಿಕೊಂಡು ಕಳೆದೆ.

1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಪ್ರಕಟಿಸಿದ ಒಂದು ಅಧ್ಯಯನ ಇದೆ. ಹತ್ತು ಹನ್ನೊಂದು ವಯಸ್ಸಿನ ಮಕ್ಕಳು, ಹೆಚ್ಚುಕಮ್ಮಿ ನಿಮ್ಮ ಮಗಳ ವಯಸ್ಸು. ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಪ್ರಯತ್ನಪಟ್ಟೆ" ಅಂದರು. ಆಮೇಲೆ ಕಷ್ಟದ ಒಗಟು ಕೊಟ್ಟು ಎಡವಿಸಿದರು. ಬುದ್ಧಿವಂತ ಅನ್ನಿಸಿಕೊಂಡವರು ಅದಾದ ಮೇಲೆ ಸುಲಭದ ಒಗಟನ್ನೂ ಮೊದಲಿಗಿಂತ ಕೆಟ್ಟದಾಗಿ ಮಾಡಿದರು. ಅದಕ್ಕೇ ಹೇಳುತ್ತಿದ್ದೇನೆ, ಅವಳು ದಡ್ಡಿ ಅಂದುಕೊಂಡಿದ್ದಾಳೆ ಅಂತ ನೀವು ಹೋಗಿ "ಇಲ್ಲ, ನೀನು ಜಾಣೆ" ಅನ್ನಬೇಡಿ. ಅದೂ ಒಂದು ಹಣೆಪಟ್ಟಿಯೇ. ಲೆಕ್ಕದ ಬಗ್ಗೆ ಮಾತಾಡಿ, ಅವಳ ತಲೆಯ ಬಗ್ಗೆ ಬೇಡ. ಸೀಮೆಸುಣ್ಣ ಸರ್ ಹೇಳಿದ ಕಾಗದದ ಪಟ್ಟಿ ನನಗೆ ಬಹಳ ಸರಿ ಅನಿಸಿತು.

ಸೀಮೆಸುಣ್ಣ

ಮೌನಿ ಅವರು ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ಯಾಕಂದರೆ ಇದನ್ನು ಓದಿ ಯಾರಾದರೂ ಎಲ್ಲ ಮುಗಿದುಹೋಯಿತು ಅಂದುಕೊಳ್ಳಬಾರದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದೊಡ್ಡವರಾಗುವವರೆಗೂ ನೋಡಿದರು. ತೀರ ಕಷ್ಟದ ಮನೆಗಳಿಂದ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿ ಬಾಳುವ ದೊಡ್ಡವರಾದರು. ಅಂಥವರ ಬದುಕಲ್ಲಿ ಮತ್ತೆ ಮತ್ತೆ ಕಂಡದ್ದು, ಅವರನ್ನು ನಂಬಿದ ಒಬ್ಬ ದೊಡ್ಡವರು. ಎಷ್ಟೋ ಸಲ ಅದು ಒಬ್ಬ ಟೀಚರ್. ಕೊನೆಬೆಂಚು ಅವರಿಗೆ 31ನೇ ವಯಸ್ಸಲ್ಲಿ ಸಿಕ್ಕಿದರಲ್ಲ, ಹಾಗೆ.

ಟೀಚರ್ ಹತ್ತಿರ ಖಂಡಿತ ಹೋಗಿ ಮೇಡಂ. "ನೀವು ಹೀಗಂದಿರಂತೆ" ಅಂತ ಶುರು ಮಾಡಿದರೆ ಅವರು ಮೊದಲು ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಆ ತೂತುಬಿದ್ದ ಹಾಳೆಯನ್ನು ತೆಗೆದುಕೊಂಡು ಹೋಗಿ, ಮುಂದಿಟ್ಟು, "ಇವಳು ಎಷ್ಟು ಸಲ ಪ್ರಯತ್ನ ಮಾಡಿದ್ದಾಳೆ ನೋಡಿ" ಅನ್ನಿ.

ಆರನೇ ಕ್ಲಾಸಿನ ಅಮ್ಮ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಹೌದು ಸರ್, ಅವಳು ಕ್ಲಾಸಿಗೇ ಚಿಕ್ಕವಳು, ಎರಡನೆಯವಳೋ ಏನೋ. ಇಷ್ಟು ವರ್ಷ ಇದು ನನ್ನ ತಲೆಗೇ ಬಂದಿರಲಿಲ್ಲ.

ಟೀಚರನ್ನು ನೋಡಿದೆ. ಅವರಿಗೆ ಆ ದಿನ ನೆನಪಿರಲಿಲ್ಲ. ನೋಟ್‌ಬುಕ್ ಮುಂದಿಟ್ಟೆ. ಆ ಸಣ್ಣ ಅಕ್ಷರ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಕ್ಲಾಸಲ್ಲಿ ಐವತ್ತು ಜನ ಇದ್ದಾರೆ ಮೇಡಂ" ಅಂದರು, ಆಮೇಲೆ ಅವರೇ "ಅದು ನೆಪ, ನನಗೆ ಗೊತ್ತು" ಅಂದರು. ಮರುದಿನ ಮಗಳನ್ನು ಪಕ್ಕಕ್ಕೆ ಕರೆದು "ನಾನು ಹಾಗೆ ಅನ್ನಬಾರದಿತ್ತು" ಅಂತ ಹೇಳಿದ್ದಾರೆ. ಎಲ್ಲರ ಮುಂದೆ ಅಂದ ಮಾತಿಗೆ ಪಕ್ಕಕ್ಕೆ ಕರೆದು ಹೇಳಿದ್ದು ಸಾಕಾ ಅಂತ ನನಗಿನ್ನೂ ಗೊತ್ತಿಲ್ಲ. ಆದರೆ ಹೇಳಿದರಲ್ಲ, ಅದಕ್ಕೆ ನಾನು ಋಣಿ.

ಮೌನಿ, ಬ್ರೇಕಲ್ಲಿ ಯಾರ ಜೊತೆ ಇದ್ದೆ ಅಂತ ಕೇಳಿದೆ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೇ ದಿನ ಒಂದು ಹೆಸರು ಹೇಳಿದಳು, ಹೊಸದಾಗಿ ಸೇರಿದ ಹುಡುಗಿ. ಭಾನುವಾರ ಅವಳನ್ನು ಮನೆಗೆ ಕರೆದೆವು. ಇಬ್ಬರೂ ನೆಲದ ಮೇಲೆ ಕೂತು ಕಾಗದದ ಪಟ್ಟಿ ಮಡಿಸಿದರು. ನಾನು ಸರ್ ಹೇಳಿದ ಹಾಗೆ ಕೇಳಿ ಸುಮ್ಮನಿದ್ದೆ, ಬಹಳ ಕಷ್ಟ ಆಯಿತು ಸುಮ್ಮನಿರಲು. ಮಗಳು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಮ್ಮ, ಇದು ಅರ್ಧಕ್ಕಿಂತ ಚಿಕ್ಕದಾಗೋಕೆ ಹೇಗೆ ಸಾಧ್ಯ? ನಾನು ಸೇರಿಸಿದ್ದು ತಾನೇ?" ಅಂದಳು.

ಕ್ಲಾಸಲ್ಲಿ ಇನ್ನೂ ಕೈ ಎತ್ತಿಲ್ಲ. ಆ ಪಟ್ಟಿ ಮಾತ್ರ ಗಣಿತದ ನೋಟ್‌ಬುಕ್ಕಿನೊಳಗೆ, ಆ ತೂತುಬಿದ್ದ ಹಾಳೆಯ ಹತ್ತಿರವೇ ಇಟ್ಟುಕೊಂಡಿದ್ದಾಳೆ.