ಯಾವುದನ್ನೂ ಹೋಲದ ಗೆರೆಗಳು ಅಧ್ಯಾತ್ಮದ ಅಭಿವ್ಯಕ್ತಿಯಾಗಬಲ್ಲವೇ?

ಪ್ರಶ್ನೆ: ರೇಖಾಸಕ್ತ

ಎಲ್ಲರಿಗೂ ನಮಸ್ಕಾರ. ಬೆಳಗಿನ ಧ್ಯಾನ ಮುಗಿದ ಮೇಲೆ ಒಂದು ಹಾಳೆಯನ್ನೂ ಮಸಿಯ ಪೆನ್ನನ್ನೂ ಹಿಡಿದು ಕುಳಿತುಕೊಳ್ಳುವ ಅಭ್ಯಾಸ ನನಗೆ ಬಹಳ ಕಾಲದಿಂದ ಇದೆ. ಮರ, ಮುಖ, ದೇವರ ಮೂರ್ತಿ ಯಾವುದನ್ನೂ ನಾನು ಬಿಡಿಸುವುದಿಲ್ಲ. ಒತ್ತೊತ್ತಾಗಿ ಎಳೆದ ಗೆರೆಗಳು, ಒಂದರೊಳಗೊಂದು ಸೇರಿದ ವೃತ್ತಗಳು, ಹಾಳೆಯ ಒಂದು ಮೂಲೆಯಲ್ಲಿ ದಟ್ಟವಾಗಿ ಶುರುವಾಗಿ ಎದುರು ಮೂಲೆಯನ್ನು ತಲುಪುವಷ್ಟರಲ್ಲಿ ಕರಗಿಹೋಗುವ ಚುಕ್ಕಿಗಳು, ಇಷ್ಟೇ ಇರುತ್ತವೆ. ಕೈ ಓಡುತ್ತಿರುವಾಗ ಇದು ಧ್ಯಾನದ ಮುಂದುವರಿಕೆಯೇ ಎಂದು ಅನ್ನಿಸುತ್ತದೆ. ಮುಗಿದ ಮೇಲೆ ನೋಡಿದರೆ, ಬಟ್ಟೆಯ ಅಂಚಿನ ವಿನ್ಯಾಸಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬ ಸಂಶಯ ಏಳುತ್ತದೆ. ಇಂಥ ಚಿತ್ರವನ್ನು ಅಧ್ಯಾತ್ಮದ ಅಭಿವ್ಯಕ್ತಿ ಎಂದು ಕರೆಯಬೇಕಾದರೆ ಅದರಲ್ಲಿ ಏನಿರಬೇಕು? ಓಂಕಾರ, ಕಮಲ, ತ್ರಿಕೋನದಂಥ ಗುರುತಾದ ಸಂಕೇತಗಳು ಬೇಕೇ?

ಉತ್ತರ: ಹಳೆಯ ಓದುಗ

ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಯ ಒಡಲಲ್ಲೇ ಆಧುನಿಕ ಅಮೂರ್ತ ಕಲೆ, ಅಂದರೆ ಯಾವ ವಸ್ತುವನ್ನೂ ಹೋಲದ ಕಲೆ, ಹುಟ್ಟಿತು ಎನ್ನುವುದು ಹೆಚ್ಚಿನ ಮಾತಲ್ಲ. ಚಿತ್ರಕಾರ ಕಾಂಡಿನ್‌ಸ್ಕಿ 1911ರ ಕೊನೆಯಲ್ಲಿ ಕಲೆಯಲ್ಲಿನ ಅಧ್ಯಾತ್ಮವನ್ನು ಕುರಿತೇ ಒಂದು ಪುಸ್ತಕವನ್ನು ಹೊರತಂದರು. ಚಿತ್ರಕಾರ ಮಾಂಡ್ರಿಯನ್ 1909ರಲ್ಲಿ, ಎಲ್ಲ ಧರ್ಮಗಳ ಒಳತಿರುಳನ್ನು ಹುಡುಕುವ ಥಿಯಾಸಫಿಕಲ್ ಸೊಸೈಟಿಯ ಸದಸ್ಯರಾದರು. ಚಿತ್ರಕಾರ ಮಾಲೆವಿಚ್ 1915ರಲ್ಲಿ ‘ಕಪ್ಪು ಚೌಕ’ ಎಂಬ ತಮ್ಮ ಚಿತ್ರವನ್ನು ಪೆಟ್ರೊಗ್ರಾಡ್‌ನ ಪ್ರದರ್ಶನದಲ್ಲಿ ಎರಡು ಗೋಡೆಗಳು ಕೂಡುವ ಮೇಲಿನ ಮೂಲೆಗೆ, ಅಂದರೆ ರಷ್ಯದ ಮನೆಗಳಲ್ಲಿ ಪೂಜ್ಯ ಪಟವನ್ನು ಇಡುವ ಸ್ಥಾನಕ್ಕೆ ಏರಿಸಿದರು.

ಇವರಿಗಿಂತ ಮೊದಲೇ ಈ ದಾರಿಯಲ್ಲಿ ನಡೆದ ಇಬ್ಬರು ಮಹಿಳೆಯರನ್ನು ಜಗತ್ತು ಬಹಳ ತಡವಾಗಿ ಗಮನಿಸಿತು. ಜಾರ್ಜಿಯಾನಾ ಹೌಟನ್ ಅವರು 1871ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ ಜಲವರ್ಣಗಳಲ್ಲಿ ಬಣ್ಣದ ಸುರುಳಿಗಳ ಮೇಲೆ ನೂಲಿನಷ್ಟು ತೆಳುವಾದ ಬಿಳಿಯ ಗೆರೆಗಳು ಪದರಪದರವಾಗಿ ಹರಡಿಕೊಂಡಿವೆ. ತಮ್ಮ ಕೈಯನ್ನು ಆತ್ಮಗಳು ನಡೆಸುತ್ತವೆ ಎಂದು ಅವರು ನಂಬಿದ್ದರು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಿಂದ 1915ರವರೆಗೆ, ಇನ್ನೂ ಕಟ್ಟದ ಒಂದು ದೇವಾಲಯಕ್ಕಾಗಿ 193 ಕೃತಿಗಳನ್ನು ರಚಿಸಿದರು. ಆತ್ಮಗಳ ಕುರಿತ ಹೌಟನ್ ಅವರ ನಂಬಿಕೆಯನ್ನು ನಾವು ಒಪ್ಪಲೇಬೇಕೆಂದಿಲ್ಲ. ಆದರೆ ಹೌಟನ್ ಅವರ ಆ ಬಿಳಿಯ ಗೆರೆಗಳನ್ನು ಹತ್ತಿರದಿಂದ ನೋಡಿದವರು, ಅಷ್ಟು ತಾಳ್ಮೆ ಅಲಂಕಾರದ ಆಸೆಯೊಂದರಿಂದಲೇ ಬಂದೀತೆಂದು ಹೇಳಲಾರರು.

ಸಂಕೇತಗಳ ಬಗ್ಗೆ ಒಂದು ಮಾತು. ಶ್ರೀಚಕ್ರದಲ್ಲಿ ಒಂಬತ್ತು ತ್ರಿಕೋನಗಳು ಒಂದನ್ನೊಂದು ಛೇದಿಸಿ 43 ಸಣ್ಣ ತ್ರಿಕೋನಗಳಾಗುತ್ತವೆ. ಎರಡು ಗೆರೆಗಳು ಕೂಡುವ ಸ್ಥಾನವನ್ನು ಸಂಧಿ ಎಂದೂ ಮೂರು ಗೆರೆಗಳು ಕೂಡುವ ಸ್ಥಾನವನ್ನು ಮರ್ಮ ಎಂದೂ ಕರೆಯುತ್ತಾರೆ. ಒಂದು ಗೆರೆ ಕೂದಲೆಳೆಯಷ್ಟು ಸರಿದರೂ ಮರ್ಮದ ಜಾಗದಲ್ಲಿ ಬೇಡದ ಪುಟ್ಟ ತ್ರಿಕೋನವೊಂದು ಬಾಯ್ದೆರೆಯುತ್ತದೆ. ಅದನ್ನು ಸರಿಪಡಿಸಲು ಹೋದರೆ ಇನ್ನೊಂದು ಮರ್ಮ ಬಿಟ್ಟುಕೊಳ್ಳುತ್ತದೆ. ಅಲ್ಲಿ ಸಾಧನೆ ಇರುವುದು ನಿಯಮಕ್ಕೆ ಕೈಯನ್ನು ಒಪ್ಪಿಸುವುದರಲ್ಲಿ. ಆ ನಿಯಮವನ್ನು ಕಲಿಯದೆ ಅದರ ಒಂದೆರಡು ಆಕಾರಗಳನ್ನು ಮಾತ್ರ ತಂದು ಹಾಳೆಗೆ ಅಂಟಿಸಿದರೆ ಚಿತ್ರಕ್ಕೆ ಗಾಂಭೀರ್ಯದ ವೇಷ ಬರಬಹುದು, ಅಷ್ಟೇ.

ಉತ್ತರ: ಮಸಿ ಮತ್ತು ಹಾಳೆ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ನಾನೂ ಇದೇ ಅಭ್ಯಾಸದಲ್ಲಿ ಇರುವುದರಿಂದ, ಗೆರೆ ಎಳೆಯುವಾಗ ನಿಜವಾಗಿ ಏನಾಗುತ್ತದೆ ಎಂಬುದರ ಮೇಲೆ ಗಮನವಿಟ್ಟು ಬರೆಯುತ್ತೇನೆ, ಏಕೆಂದರೆ ವ್ಯತ್ಯಾಸ ಅಲ್ಲೇ ಇದೆ ಎಂದು ನನ್ನ ದೃಢವಾದ ಅಭಿಪ್ರಾಯ.

ಅಳತೆಪಟ್ಟಿಯಿಲ್ಲದೆ ಹಾಳೆಯ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಅದರ ಕೆಳಗೆ ಅದಕ್ಕೆ ತಾಗದಂತೆ ಇನ್ನೊಂದನ್ನು ಎಳೆಯಿರಿ. ಮೊದಲನೆಯದರಲ್ಲಿ ಎಲ್ಲೋ ಉಸಿರು ತಪ್ಪಿ ಸಣ್ಣದೊಂದು ಉಬ್ಬು ಬಂದಿರುತ್ತದೆ. ಎರಡನೆಯ ಗೆರೆ ಅದನ್ನು ಬಳಸಿಕೊಂಡು ಹೋಗುತ್ತದೆ, ಮೂರನೆಯದು ಎರಡನೆಯದನ್ನು. ಹಾಳೆಯ ನಡುಭಾಗಕ್ಕೆ ಬರುವಷ್ಟರಲ್ಲಿ, ಯಾರೂ ಯೋಜಿಸದ ಆ ಉಬ್ಬು ಒಂದು ದೊಡ್ಡ ಅಲೆಯಾಗಿ ನಿಂತಿರುತ್ತದೆ. ಪ್ರತಿಯೊಂದು ಗೆರೆಯಲ್ಲೂ ನಿಮ್ಮ ಮುಂದೆ ಒಂದು ಆಯ್ಕೆ ಇರುತ್ತದೆ: ಅಲೆಯನ್ನು ಒತ್ತಿ ಸಮಮಾಡುವುದೋ, ಅದು ಹೋದಲ್ಲಿಗೆ ಹೋಗುವುದೋ. ವಿನ್ಯಾಸಕಾರನಿಗೆ ಮುಂದಿನ ಗೆರೆ ಮೊದಲೇ ಗೊತ್ತಿರುತ್ತದೆ, ಗೊತ್ತಿರಲೇಬೇಕು. ನಿಮಗೆ ಹಿಂದಿನ ಗೆರೆಯನ್ನು ಪೂರ್ತಿಯಾಗಿ ನೋಡದೆ ಮುಂದಿನದು ದೊರೆಯುವುದಿಲ್ಲ. ಮಸಿಯ ಪೆನ್ನು ಇನ್ನೂ ನಿಷ್ಠುರ. ಮನಸ್ಸು ಬೇರೆಡೆಗೆ ಹೋಗಿ ಕೈ ಅರೆಕ್ಷಣ ತಡೆದರೆ ಅಲ್ಲೊಂದು ಕಪ್ಪು ಗುಂಡು ಕೂತುಬಿಡುತ್ತದೆ, ಅದನ್ನು ಅಳಿಸುವಂತಿಲ್ಲ. ಹೀಗೆ ತುಂಬಿದ ಹಾಳೆ ನಿಮ್ಮ ಗಮನ ಎಲ್ಲಿ ನಿಂತಿತು, ಎಲ್ಲಿ ಚದುರಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ.

ಅಮೂರ್ತ ಚಿತ್ರಗಳ ಕಲಾವಿದೆ ಆಗ್ನೆಸ್ ಮಾರ್ಟಿನ್ ಅವರ ಆರು ಅಡಿ ಚದರದ ಕ್ಯಾನ್ವಾಸುಗಳು ದೂರದಿಂದ ಮಂಜಿನಂತೆ ಕಾಣುತ್ತವೆ. ಹತ್ತಿರ ಹೋದರೆ ಬಟ್ಟೆಯ ನೇಯ್ಗೆಯ ಏರಿಳಿತದ ಮೇಲೆ ಪೆನ್ಸಿಲ್ ಗೆರೆ ನಡುಗುತ್ತ ಸಾಗಿರುವುದು ಕಾಣುತ್ತದೆ. ಝೆನ್ ಮತ್ತು ತಾವೋ ಚಿಂತನೆಗಳಿಗೆ ಅವರು ಹತ್ತಿರವಾಗಿದ್ದರು, ಆದರೆ ಆ ಧರ್ಮಗಳ ಒಂದು ಚಿಹ್ನೆಯನ್ನೂ ಆ ಗೆರೆಗಳ ಜಾಲಗಳಲ್ಲಿ ಇಡಲಿಲ್ಲ. ಸಂಕೇತ ಕೂಡದು ಎಂದು ನಾನು ಹೇಳುತ್ತಿಲ್ಲ. ಭಾರತದ ಚಿತ್ರಕಾರ ಎಸ್. ಎಚ್. ರಝಾ ಅವರಿಗೆ ಬಾಲ್ಯದಲ್ಲಿ ಶಾಲೆಯ ಗುರುಗಳೊಬ್ಬರು ಗೋಡೆಯ ಮೇಲೆ ಒಂದು ಚುಕ್ಕಿಯಿಟ್ಟು ಅದರ ಮೇಲೆ ಮನಸ್ಸನ್ನು ನಿಲ್ಲಿಸಲು ಹೇಳಿದ್ದರು. ಆ ಬಿಂದು ಅವರ ಕ್ಯಾನ್ವಾಸಿನ ಕೇಂದ್ರಕ್ಕೆ ಬಂದು ನೆಲೆಸಿದ್ದು ದಶಕಗಳ ನಂತರ, ಪ್ಯಾರಿಸ್ಸಿನಲ್ಲಿ ದೀರ್ಘಕಾಲ ಭೂದೃಶ್ಯಗಳನ್ನು ಬಿಡಿಸಿದ ಮೇಲೆ. ಅಷ್ಟು ಕಾಲ ಒಳಗೇ ಇದ್ದು ಬಂದ ಸಂಕೇತಕ್ಕೆ ಬೇರೆಯೇ ತೂಕವಿರುತ್ತದೆ.

ಉತ್ತರ: ನಿಧಾನ

ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತದೆ. ಗಮನ ಎನ್ನುವುದು ಅಧ್ಯಾತ್ಮದ ಬಾಗಿಲಾಗಬಹುದು, ಆದರೆ ಅದೇ ಅಧ್ಯಾತ್ಮವಲ್ಲ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದರೆ ಉಸಿರು ತಗ್ಗುತ್ತದೆ, ಮನಸ್ಸು ಶಾಂತವಾಗುತ್ತದೆ. ಗಡಿಯಾರ ದುರಸ್ತಿ ಮಾಡುವವರಿಗೂ ಈ ಏಕಾಗ್ರತೆ ಇರುತ್ತದೆ. ಗೆರೆ ಎಳೆಯುವವರು ಯಾವುದರ ಕಡೆಗೆ ಮುಖಮಾಡಿ ಕುಳಿತಿದ್ದಾರೆ ಎಂಬುದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರವಿಲ್ಲ. ನಿರಾಕಾರವಾದುದನ್ನು ಆಕಾರವುಳ್ಳ ಸಾಧನದಿಂದ ಮುಟ್ಟಬೇಕಾದ ಇಕ್ಕಟ್ಟನ್ನು ಅಲ್ಲಮಪ್ರಭುವಿನಂಥ ಅನುಭಾವಿಗಳು ಮಾತಿನಲ್ಲಿ ಎದುರಿಸಿದರು, ಮಾತನ್ನು ಅದರ ಅಂಚಿನವರೆಗೂ ಕೊಂಡೊಯ್ದರು. ಗೆರೆಯಲ್ಲೂ ಆ ಇಕ್ಕಟ್ಟು ಇರಬೇಕು. ಸಲೀಸಾಗಿ, ಹಿತವಾಗಿ ಮಾತ್ರ ಸಾಗುವ ಚಿತ್ರವನ್ನು ವಿಶ್ರಾಂತಿ ಎಂದು ಕರೆಯೋಣ. ಅದೂ ಬದುಕಿಗೆ ಬೇಕಾದದ್ದೇ.

ಪ್ರತಿಕ್ರಿಯೆ: ರೇಖಾಸಕ್ತ

ಎಲ್ಲರಿಗೂ ಕೃತಜ್ಞತೆಗಳು. ಆ ಉಬ್ಬು ಅಲೆಯಾಗುವುದನ್ನು ನಾನೂ ಕಂಡಿದ್ದೇನೆ. ಅದನ್ನು ಸಮಮಾಡಲು ಹೆಣಗುವ ದಿನಗಳೇ ಹೆಚ್ಚು. ‘ನಿಧಾನ’ ಅವರ ಆಕ್ಷೇಪಣೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ, ಅದನ್ನು ಜೊತೆಗಿಟ್ಟುಕೊಂಡೇ ಮುಂದುವರಿಯುತ್ತೇನೆ. ಒಂದು ಉಪಪ್ರಶ್ನೆ: ಇವುಗಳನ್ನು ಬೇರೆಯವರಿಗೆ ತೋರಿಸುವುದು ಸರಿಯೇ, ಅಥವಾ ತೋರಿಸಿದರೆ ಅಭ್ಯಾಸ ಕೆಡುತ್ತದೆಯೇ?

ಉತ್ತರ: ಹಳೆಯ ಓದುಗ

ನಾನು ಹೆಸರಿಸಿದ ಇಬ್ಬರು ಮಹಿಳೆಯರೂ ಈ ವಿಷಯದಲ್ಲಿ ಎರಡು ತುದಿಗಳಲ್ಲಿ ನಿಂತವರು. ಹೌಟನ್ ತಮ್ಮ ಸ್ವಂತ ಹಣದಿಂದ ಪ್ರದರ್ಶನ ನಡೆಸಿ, ಚಿತ್ರಗಳು ಮಾರಾಟವಾಗದೆ ಬಹುಮಟ್ಟಿಗೆ ದಿವಾಳಿಯ ಅಂಚಿಗೆ ಬಂದರು. ಆಫ್ ಕ್ಲಿಂಟ್ ತಮ್ಮ ಕೃತಿಗಳನ್ನು ಮರಣಾನಂತರ 20 ವರ್ಷಗಳವರೆಗೆ ಹೊರಗೆ ತೋರಿಸಬಾರದೆಂದು ಬರೆದಿಟ್ಟು 1944ರಲ್ಲಿ ತೀರಿಕೊಂಡರು. ನೀವು ಈ ಎರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ನೀವು ನಂಬುವ ಒಬ್ಬರಿಗೆ, ವಿವರಣೆಯನ್ನಾಗಲಿ ಶೀರ್ಷಿಕೆಯನ್ನಾಗಲಿ ಕೊಡದೆ, ಕೆಲವು ಹಾಳೆಗಳನ್ನು ತೋರಿಸಿ ಸುಮ್ಮನಿರಿ. ಮರುದಿನ ಗೆರೆ ಎಳೆಯುವಾಗ ಅವರ ಮುಖ ಕಣ್ಣ ಮುಂದೆ ಬರುತ್ತಿದ್ದರೆ ಸ್ವಲ್ಪ ಕಾಲ ತೋರಿಸುವುದನ್ನು ನಿಲ್ಲಿಸಿ. ಬರದಿದ್ದರೆ ತೋರಿಸುವುದರಲ್ಲಿ ಯಾವ ಕೇಡೂ ಇಲ್ಲ. ಎರಡು ಸಂದರ್ಭಗಳಲ್ಲೂ ಹಾಳೆಯ ಹಿಂಬದಿಯಲ್ಲಿ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದಿಡಿ. ಆಮ್ಲರಹಿತ ಕಾಗದವನ್ನೂ, ಕರಗದ ಬಣ್ಣದ ಪುಡಿಯಿಂದ ಮಾಡಿದ ಪಿಗ್‌ಮೆಂಟ್ ಮಸಿಯನ್ನೂ ಬಳಸುವುದು ಒಳ್ಳೆಯದು, ಏಕೆಂದರೆ ಸಾಮಾನ್ಯ ಪೆನ್ನುಗಳ ಕರಗುವ ಬಣ್ಣದ ಮಸಿ ಬೆಳಕಿಗೆ ಬೇಗ ಮಾಸುತ್ತದೆ, ಅಗ್ಗದ ಕಾಗದ ಹಳದಿಯಾಗಿ ಮುರುಟುತ್ತದೆ.