ಮೆಟ್ರೊ ಪಕ್ಕದ ಮನೆಗೆ 7 ಸಾವಿರ ಜಾಸ್ತಿ ಬಾಡಿಗೆ. ಕೊಡಬಹುದಾ?

ಹಸಿರು_ಮಾರ್ಗ:
ಎರಡು ಬೆಡ್‌ರೂಮಿನ ಎರಡು ಮನೆ. ಒಂದು ಕೋಣನಕುಂಟೆ ಕ್ರಾಸ್ ನಿಲ್ದಾಣದಿಂದ ಎಂಟು ನಿಮಿಷದ ನಡಿಗೆ, ಬಾಡಿಗೆ 27,000. ಇನ್ನೊಂದು ಅಲ್ಲಿಂದ 4 ಕಿ.ಮೀ. ಒಳಗೆ, ಜಂಬೂ ಸವಾರಿ ದಿಣ್ಣೆ ದಾಟಿ, 20,000. ಎರಡಕ್ಕೂ ಹತ್ತು ತಿಂಗಳ ಅಡ್ವಾನ್ಸ್. ಆಫೀಸು ಮೆಜೆಸ್ಟಿಕ್ ಹತ್ತಿರ, ತಿಂಗಳಿಗೆ 22 ದಿನ. ಓಡಾಟ, ದಿನಸಿ, ನೀರು ಎಲ್ಲ ಸೇರಿಸಿದ್ರೆ ಯಾವುದು ಅಗ್ಗ? ಒಬ್ಬರು ಕೆಲಸಕ್ಕೆ ಹೋದ್ರೆ ಒಂದು ಲೆಕ್ಕ, ಇಬ್ಬರು ಹೋದ್ರೆ ಇನ್ನೊಂದು ಲೆಕ್ಕ ಬೇಕು.

ಮೀಟರ್_ಮೇಲೆ_ಇಪ್ಪತ್ತು:
ಮೊದಲು ಮೆಟ್ರೊ ಟಿಕೆಟ್ಟನ್ನ ಲೆಕ್ಕದಿಂದ ತೆಗೀರಿ, ಎರಡೂ ಮನೆಯವರು ಹತ್ತೋದು ಅದೇ ನಿಲ್ದಾಣದಲ್ಲಿ. 2025ರ ಫೆಬ್ರವರಿಯ ದರಪಟ್ಟಿಯಲ್ಲಿ 10–15 ಕಿ.ಮೀ.ಗೆ 60 ರೂ. ಕಾರ್ಡಿನ 5% ರಿಯಾಯಿತಿ ಕಳೆದ್ರೆ 57, ತಿಂಗಳಿಗೆ 2,508.

ಜೇಬಿಗೆ ಕತ್ತರಿ ಬೀಳೋದು ನಿಲ್ದಾಣ ಇಳಿದ ಮೇಲೆ. 2025ರ ಆಗಸ್ಟ್ 1ರಿಂದ ಆಟೊಗೆ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ಹಾಗಾಗಿ 4 ಕಿ.ಮೀ.ಗೆ 72, ಹೋಗಿಬರೋಕೆ 144, 22 ದಿನಕ್ಕೆ 3,168. ಅಂದ್ರೆ ಹನ್ನೆರಡು ಕಿ.ಮೀ. ರೈಲಿಗಿಂತ ಈ ನಾಲ್ಕು ಕಿ.ಮೀ. ದುಬಾರಿ! ನಿಲ್ದಾಣದ ಪಕ್ಕದ ಮನೆ ಮಾಲೀಕ ಕೇಳ್ತಿರೋ ಹೆಚ್ಚಿನ ಬಾಡಿಗೆಯ ದೊಡ್ಡ ಪಾಲು ಇದೇ, ನೀವು ಆಟೊಗೆ ಕೊಡಬೇಕಿದ್ದ ದುಡ್ಡು.

ಒಬ್ಬರೇ ಆದ್ರೆ: 7,000ದಲ್ಲಿ 3,168 ಕಳೆದ್ರೆ 3,832 ಉಳೀತು. ಅಡ್ವಾನ್ಸ್ ಮರೀಬೇಡಿ. 2.7 ಲಕ್ಷಕ್ಕೂ 2 ಲಕ್ಷಕ್ಕೂ 70,000 ವ್ಯತ್ಯಾಸ, ಎಫ್‌ಡಿ 7% ಅಂತ ಹಿಡಿದ್ರೂ ತಿಂಗಳಿಗೆ ಸುಮಾರು 408. ಒಟ್ಟು 4,240 ದೂರದ ಮನೆಗೇ ಲಾಭ. ಇದಕ್ಕೆ ನೀವು ಕೊಡೋದು ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ 11 ಗಂಟೆ. ಗಂಟೆಗೆ ಸುಮಾರು 385 ರೂ. ಬಿತ್ತು. ನಿಮ್ಮ ಸಮಯಕ್ಕೆ ಅದಕ್ಕಿಂತ ಜಾಸ್ತಿ ಬೆಲೆ ಇದ್ರೆ ನಿಲ್ದಾಣದ ಹತ್ತಿರವೇ ಇರಿ.

ಇಬ್ಬರು ಬೇರೆಬೇರೆ ಹೊತ್ತಿಗೆ ಹೊರಟ್ರೆ ಆಟೊಗೇ 6,336. ಉಳಿಯೋದು 664, ಅಡ್ವಾನ್ಸ್ ಬಡ್ಡಿ ಸೇರಿಸಿ 1,072.

ಇದೆಲ್ಲ ಮೀಟರ್ ಹಾಕಿದ್ರೆ. ಸಂಜೆ ನಿಲ್ದಾಣದಿಂದ ಬಡಾವಣೆ ಒಳಗೆ ಹೋಗೋ ಆಟೊಗೆ ವಾಪಸ್ ಬಾಡಿಗೆ ಸಿಗಲ್ಲ, ಅದಕ್ಕೇ "ಮೇಲೆ ಇಪ್ಪತ್ತು ಕೊಡಿ" ಅಂತಾರೆ. ಬೆಳಿಗ್ಗೆ ನಿಲ್ದಾಣದ ಕಡೆ ಹೋಗೋವಾಗ ಇಷ್ಟು ಕಾಟ ಇರಲ್ಲ. ದಿನಕ್ಕೆ ಆ ಇಪ್ಪತ್ತು ಸೇರಿದ್ರೆ ತಿಂಗಳಿಗೆ ತಲಾ 440. ರಾತ್ರಿ 10ರ ಮೇಲೆ ಒಂದೂವರೆ ಪಟ್ಟು, 72 ಹೋಗಿ 108.

ಸಾದಾ_ಬಸ್ಸು:
ಆಟೊ ಒಂದನ್ನೇ ಯಾಕೆ ಹಿಡೀತೀರಿ? ಬಿಎಂಟಿಸಿ ಸಾಮಾನ್ಯ ಮಾಸಿಕ ಪಾಸು 1,200. ಶಕ್ತಿ ಯೋಜನೆ ಇರೋದ್ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಲ್ಲಿ ಸೊನ್ನೆ, ಎಸಿ ಬಸ್ಸಾದ ವಜ್ರದಲ್ಲಿ ಮಾತ್ರ ಟಿಕೆಟ್ ತಗೋಬೇಕು. ಆದ್ರೆ ಬಸ್ಸಿನ ನಿಜವಾದ ಬೆಲೆ ಕಾಯೋ ಹೊತ್ತು. ಮನೆ ನೋಡೋಕೆ ಭಾನುವಾರ ಹೋಗ್ಬೇಡಿ. ವಾರದ ದಿನ ಬೆಳಿಗ್ಗೆ 8:30ಕ್ಕೆ ಆ ಬೀದಿಯ ಬಸ್ ಸ್ಟಾಪಲ್ಲಿ ನಿಂತು, ಅರ್ಧ ಗಂಟೇಲಿ ನಿಲ್ದಾಣದ ಕಡೆ ಎಷ್ಟು ಬಸ್ ಹೋಯ್ತು, ಹತ್ತೋಕೆ ಜಾಗ ಇತ್ತಾ ಎಣಿಸಿ. ಎರಡೇ ಬಂದ್ರೆ ಪಾಸು ತಗೊಂಡೂ ಆಟೊಗೆ ಕೊಡ್ತೀರಿ.

ಆರು_ಸಾವಿರ_ಲೀಟರ್:
ನೀರಿನ ಮಾತು ಯಾರೂ ಎತ್ತಲಿಲ್ಲ. ಒಳಗಿನ ಮನೆಗೆ ಕಾವೇರಿ ಸಂಪರ್ಕ ಇದೆಯಾ? ಮಾಲೀಕರು "ಇದೆ" ಅಂದ್ರೆ ನಂಬಬೇಡಿ, ಜಲಮಂಡಳಿ ಬಿಲ್ ತೋರಿಸಿ ಅನ್ನಿ. ಪೈಪು ಬಂದಿರುತ್ತೆ, ನೀರು ವಾರಕ್ಕೆ ಎರಡು ಸಲ ಬರ್ತಿರುತ್ತೆ, ಉಳಿದದ್ದು ಬೋರ್‌ವೆಲ್, ಅದೂ ಕೈಕೊಟ್ರೆ ಟ್ಯಾಂಕರ್.

ದೂರ ಹೇಗೆ ಬೆಲೆ ಆಗುತ್ತೆ ಅನ್ನೋದಕ್ಕೆ ಟ್ಯಾಂಕರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 2024ರ ಮಾರ್ಚ್‌ನ ಬರದಲ್ಲಿ ಜಿಲ್ಲಾಡಳಿತ ಕಟ್ಟಿದ ದರ: ಟ್ಯಾಂಕರ್ ಬರೋ ದೂರ 5 ಕಿ.ಮೀ. ಒಳಗಿದ್ರೆ 6,000 ಲೀಟರ್‌ಗೆ 600, 8,000ಕ್ಕೆ 700, 12,000ಕ್ಕೆ 1,000. ಅದೇ 5–10 ಕಿ.ಮೀ. ಆದ್ರೆ 750, 850, 1,200, ಮೇಲೆ ಜಿಎಸ್‌ಟಿ. ನೀರು ಅದೇ, ಹೆಚ್ಚಿದ್ದು ಡೀಸೆಲ್ಲು ಮತ್ತು ಟ್ರಿಪ್ಪಿನ ಹೊತ್ತು. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದ್ರೆ ಇಬ್ಬರಿಗೆ ತಿಂಗಳಿಗೆ 8,100, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಟ್ಯಾಂಕರ್ 5–10 ಕಿ.ಮೀ. ದೂರದಿಂದ ಬಂದ್ರೆ, ಇಬ್ಬರ ಲೆಕ್ಕದಲ್ಲಿ ಉಳಿದಿದ್ದ 1,072ರಲ್ಲಿ 850 ಅಲ್ಲಿಗೇ ಹೋಯ್ತು. ಬೇಸಿಗೇಲಿ ಇನ್ನೂ ಮೇಲೆ ಕೇಳ್ತಾರೆ.

ಹಸಿರು_ಮಾರ್ಗ:
ಇಬ್ಬರಿಗೆ ಸಮಸಮ ಆಯ್ತು ಹಾಗಾದ್ರೆ. ದಿನಸಿ? ಮೇನ್ ರೋಡ್ ಅಂಗಡಿಗಳ ಬಾಡಿಗೆ ಜಾಸ್ತಿ, ಅದನ್ನ ನಮ್ಮ ತಲೆಗೇ ಕಟ್ತಾರಲ್ವಾ?

ಸಗಟು_ಚಿಲ್ಲರೆ:
ಅದು ತಿರುವುಮುರುವು ತಿಳುವಳಿಕೆ. ಬಾಡಿಗೆ ಜಾಸ್ತಿ ಅಂತ ಬೆಲೆ ಏರಲ್ಲ, ಅಲ್ಲಿ ವ್ಯಾಪಾರ ಆಗುತ್ತೆ ಅಂತ ಬಾಡಿಗೆ ಏರುತ್ತೆ. ಅರ್ಥಶಾಸ್ತ್ರಜ್ಞ ರಿಕಾರ್ಡೊ 1817ರಲ್ಲೇ ಧಾನ್ಯದ ಬೆಲೆ ಮತ್ತು ಜಮೀನಿನ ಗೇಣಿ ಬಗ್ಗೆ ಇದನ್ನೇ ವಾದಿಸಿದ್ದ. ಮೇನ್ ರೋಡಲ್ಲಿ ಎದುರೂ ಅಂಗಡಿ, ಪಕ್ಕದಲ್ಲೂ ಅಂಗಡಿ. ಬೇಳೆಗೆ ಐದು ರೂಪಾಯಿ ಏರಿಸಿದ್ರೆ ಗಿರಾಕಿ ರಸ್ತೆ ದಾಟ್ತಾನೆ. ಒಳಗಿನ ಬಡಾವಣೇಲಿ ಒಂದೇ ಅಂಗಡಿ ಇದ್ರೆ ಬಾಡಿಗೆ ಕಮ್ಮಿ ಇದ್ರೂ ಬೆಲೆ ಬಿಗಿ.

ಎಂಆರ್‌ಪಿ ಇರೋ ಸಾಮಾನಲ್ಲಿ ಜಾಗದ ಆಟ ರಿಯಾಯಿತಿಯಲ್ಲಿ ಮಾತ್ರ. ಎಂಆರ್‌ಪಿ ಮೇಲೆ ಅಂಗಡಿಯವರು ಮಾರೋ ಹಾಗಿಲ್ಲ. ಹಾಲಿನ ಪ್ಯಾಕೆಟ್‌ಗೆ "ಫ್ರಿಜ್ ಚಾರ್ಜ್" ಒಂದು ರೂಪಾಯಿ ಕೇಳೋದೂ ತಪ್ಪು. ಹೋಟೆಲಲ್ಲಿ ಕೂತು ನೀರಿನ ಬಾಟಲಿ ತಗೊಂಡ್ರೆ ಬೇರೆ ವಿಷಯ. ಅಲ್ಲಿ ಸೇವೆಯೂ ಸೇರಿರುತ್ತೆ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಜಾಗದ ಬೆಲೆ ಎದ್ದು ಕಾಣೋದು ತರಕಾರಿಯಲ್ಲಿ. ಕೋಲಾರದ ಟೊಮೆಟೊ ಬಾಕ್ಸ್ 15 ಕೆ.ಜಿ. ಬಾಕ್ಸಿಗೆ 300 ಅಂದುಕೊಳ್ಳಿ, ಕೆ.ಜಿ.ಗೆ 20 ಆಯ್ತು. ಲಾರಿ, ಹಮಾಲಿ ಸೇರಿ ಬಾಕ್ಸಿಗೆ 30 ಆದ್ರೆ 22. ಬಾಕ್ಸಲ್ಲಿ ಎರಡು ಕೆ.ಜಿ. ಒಡೆದು ಕೊಳೆತ್ರೆ ಮಾರೋಕೆ ಉಳಿಯೋದು 13, ಅಸಲೇ 25ರ ಮೇಲೆ. ದಿನಕ್ಕೆ ಹತ್ತು ಬಾಕ್ಸ್ ಖಾಲಿ ಮಾಡೋ ಸಂತೆಯವನಿಗೆ ಕೆ.ಜಿ.ಗೆ ಐದು ಸಿಕ್ಕಿದ್ರೂ ಸಾಕು. ಒಂದು ಬಾಕ್ಸ್ ಮಾರೋಕೆ ಎರಡು ದಿನ ತಗೊಳ್ಳೋ ಗಾಡಿಯವನಿಗೆ ಹದಿನೈದು ಸಿಕ್ಕಿದ್ರೂ ಕೂಲಿ ಹುಟ್ಟಲ್ಲ. ಹತ್ತಿರ ಹಾಪ್‌ಕಾಮ್ಸ್ (ರೈತರ ಸಹಕಾರಿ ತರಕಾರಿ ಮಳಿಗೆ) ಇದ್ರೆ ಅಲ್ಲಿನ ದಿನದ ದರಪಟ್ಟಿಯನ್ನ ಗಾಡಿ ಬೆಲೆ ಜೊತೆ ಹೋಲಿಸಿ.

ಬಿ_ಖಾತೆ:
ದೂರದ ಮನೆ ನೋಡೋವಾಗ ಬ್ರೋಕರ್ "ಇಲ್ಲೂ ಮೆಟ್ರೊ ಬರ್ತಿದೆ, ಸೈಟು ಈಗ್ಲೇ ತಗೊಳ್ಳಿ" ಅಂತಾನೆ. ಹಳದಿ ಮಾರ್ಗ ನೆನಪಿಡಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 16 ನಿಲ್ದಾಣ, ಕಂಬ ಎದ್ದಾಗಲೇ ಜಾಗದ ಬೆಲೆಯೂ ಎದ್ದಿತ್ತು. ರೈಲು ಓಡಿದ್ದು 2025ರ ಆಗಸ್ಟಲ್ಲಿ, ಅದೂ ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ವರ್ಷ ಇಲ್ಲದ ರೈಲಿಗೆ ಬಡ್ಡಿ ಕಟ್ಟಿದ ಹಾಗೆ. ಅದೇ ಬೀದೀಲಿ ಪಕ್ಕದ ಸೈಟು ಲಕ್ಷಗಟ್ಟಲೆ ಅಗ್ಗ ಅಂದ್ರೆ ಮೊದಲು ಖಾತೆ ಕೇಳಿ. ಬಿ ಖಾತೆಗೆ, ಅಂದ್ರೆ ಕಾಗದಪತ್ರ ಪೂರ್ತಿ ಸಕ್ರಮ ಆಗದ ಸೈಟಿಗೆ, ಬ್ಯಾಂಕ್ ಸಾಲ ಸಿಗೋದು ಕಷ್ಟ, ಆ ಅಗ್ಗ ಜಾಗದ್ದಲ್ಲ, ಕಾಗದದ್ದು. ಬಾಡಿಗೆಗಾದ್ರೆ ಇದ್ಯಾವುದೂ ಬೇಡ, 11 ತಿಂಗಳ ಕರಾರಲ್ಲಿ ಮುಂದಿನ ವರ್ಷ ಎಷ್ಟು ಏರಿಸ್ತಾರೆ ಅನ್ನೋದನ್ನ ಬರೆಸಿಕೊಳ್ಳಿ.

ಹಸಿರು_ಮಾರ್ಗ:
ಒಳಗಿನ ಮನೆಯವರು ಜಲಮಂಡಳಿ ಬಿಲ್ ಕೇಳಿದ್ದಕ್ಕೆ "ಅಸೋಸಿಯೇಷನ್ ಹತ್ರ ಇದೆ" ಅಂದ್ರು.

ಆರು_ಸಾವಿರ_ಲೀಟರ್:
ಅಸೋಸಿಯೇಷನ್‌ನಿಂದ ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚಿನ ಪಟ್ಟಿ ತರಿಸಿ. ಅದನ್ನ ಮನೆಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನ 20,000ಕ್ಕೆ ಸೇರಿಸಿ. ಬಾಡಿಗೆ ಅದು.