ಅಪ್‌ಡೇಟ್: ಬ್ಲೆಂಡರ್‌ನಲ್ಲಿ ಪೈಥಾನ್ ಸ್ಕ್ರಿಪ್ಟ್ ಕೊನೆಗೂ ಕೆಲಸ ಮಾಡಿತು

ಹೋದ ವಾರ ಕೇಳಿದ್ದೆ ನೆನಪಿದೆಯಾ? 3ಡಿ ಸಾಫ್ಟ್‌ವೇರ್ ಬ್ಲೆಂಡರ್ 4.2ರಲ್ಲಿ ಮಾಡಿದ ನಾಮಫಲಕಕ್ಕೆ ಪೈಥಾನ್ ಸ್ಕ್ರಿಪ್ಟ್‌ನಿಂದ (ಪುಟ್ಟ ಪ್ರೋಗ್ರಾಂ) 40 ಹೆಸರು ಒಂದೊಂದಾಗಿ ಹಾಕಿ ರೆಂಡರ್ ಮಾಡಬೇಕಿತ್ತು, ಅಂದರೆ ಚಿತ್ರವಾಗಿ ಹೊರತೆಗೆಯಬೇಕಿತ್ತು. ಎರರ್ ಏನೂ ಇಲ್ಲ, ಆದರೆ ಪ್ರತಿ ಚಿತ್ರದಲ್ಲೂ ಹಳೇ ಹೆಸರೇ!

ತಪ್ಪು ನನ್ನದೇ. ಕಮಾಂಡ್ ಲೈನ್‌ನಲ್ಲಿ (ಆದೇಶ ಟೈಪ್ ಮಾಡಿ ಓಡಿಸುವ ಕಡೆ) ಬ್ಲೆಂಡರ್ ಆಯ್ಕೆಗಳನ್ನು ಬರೆದ ಕ್ರಮದಲ್ಲೇ, ಎಡದಿಂದ ಬಲಕ್ಕೆ ನಡೆಸುತ್ತದೆ. ನಾನು ರೆಂಡರ್ ಮಾಡುವ ಹೈಫನ್ ಎಫ್ ಮೊದಲು ಬರೆದು, ಸ್ಕ್ರಿಪ್ಟ್ ಓಡಿಸುವ ಹೈಫನ್ ದೊಡ್ಡ ಪಿ ಆಮೇಲೆ ಬರೆದಿದ್ದೆ. ಅಂದರೆ ಫೋಟೋ ತೆಗೆದ ಮೇಲೆ ಬಟ್ಟೆ ಬದಲಿಸಿದ ಹಾಗೆ. "ಕ್ರಮ ಬದಲಿಸಿ ನೋಡಿ" ಎಂದವರಿಗೆ ದೊಡ್ಡ ನಮಸ್ಕಾರ. ಔಟ್‌ಪುಟ್ ಜಾಗ ಹೇಳುವ ಹೈಫನ್ ಓ ಕೂಡ ಎಫ್‌ಗಿಂತ ಮುಂಚೆಯೇ ಇರಬೇಕು.

ಸ್ಕ್ರಿಪ್ಟ್‌ನಲ್ಲಿ ವ್ಯೂ ಲೇಯರ್ ಅಪ್‌ಡೇಟ್ ಮಾಡಿ (ದೃಶ್ಯವನ್ನು ಹೊಸದಾಗಿ ಲೆಕ್ಕ ಹಾಕಿಸಿ) ಅಂತ ಕೆಲವರು ಅಂದಿದ್ರಲ್ಲ, ಅದರಿಂದ ಏನೂ ಬದಲಾಗಲಿಲ್ಲ. ಪೈಥಾನ್‌ಗೆ ಪ್ಯಾಕೇಜ್ ಹಾಕುವ ಪಿಪ್‌ನಿಂದ ಬಿಪಿವೈ (ಬ್ಲೆಂಡರ್‌ನ ಪೈಥಾನ್ ಮಾಡ್ಯೂಲ್) ಹಾಕೋ ಸಲಹೆಯೂ ನಡೆಯಲಿಲ್ಲ: 4.2ಕ್ಕೆ ಪೈಥಾನ್ 3.11 ಬೇಕು, ನನ್ನದು 3.12. ಸುಮ್ನೆ ಒಂದು ಸಂಜೆ ಹೋಯಿತು.

ಹೊಸದಾಗಿ ಕಲಿತದ್ದು: ಎರಡು ಹೈಫನ್ ಹಾಕಿ ಅದರ ನಂತರ ಏನು ಬರೆದರೂ ಬ್ಲೆಂಡರ್ ಅದನ್ನು ಬಿಟ್ಟುಬಿಡುತ್ತದೆ, ಆದರೆ ಸಿಸ್ ಆರ್ಗ್‌ವಿಯಲ್ಲಿ (ಕಮಾಂಡ್ ಲೈನ್‌ನಲ್ಲಿ ಬರೆದದ್ದನ್ನು ಇಡುವ ಪೈಥಾನ್ ಪಟ್ಟಿ) ಸ್ಕ್ರಿಪ್ಟ್‌ಗೆ ಸಿಗುತ್ತದೆ. ಹೆಸರನ್ನು ಈಗ ಹಾಗೇ ಕಳಿಸುತ್ತಿದ್ದೇನೆ.

ಇನ್ನೊಂದು ತಲೆನೋವು, ಕನ್ನಡ ಹೆಸರುಗಳು. ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂತು. ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದು, ಅಕ್ಷರವನ್ನು ಪಾತ್ (ಗೆರೆಯ ಆಕಾರ) ಮಾಡಿ, ಎಸ್‌ವಿಜಿ ಚಿತ್ರವಾಗಿ ಬ್ಲೆಂಡರ್‌ಗೆ ತಂದರೆ ಸರಿಯಾಗಿ ಕೂರುತ್ತದೆ. ಕೆಲಸ ಸ್ವಲ್ಪ ಜಾಸ್ತಿ, ಆದರೆ 40 ಫಲಕವೂ ಮುಗಿದಿವೆ.